ಸ್ವಾತಂತ್ರ್ಯ ಕೇಳಿದ್ದಕ್ಕೇ ನಿಷೇಧವಾ?

'ಸ್ಪೇನ್‌ನಲ್ಲಿ ಬಾಸ್ಕ್ ಸ್ವಾತಂತ್ರ್ಯ ಅಂದರೆ ಸಾಕು, ಜೈಲು. ಅದಕ್ಕೇ ಯುವಕರ ಸಂಘಟನೆಯನ್ನು ನಿಷೇಧಿಸಿದರು' ಎಂಬ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ. ಬಾಸ್ಕ್ ಅಂದರೆ ಸ್ಪೇನ್‌ನ ಉತ್ತರ ಭಾಗದ ಪ್ರದೇಶ; ಅದು ಬೇರೆ ದೇಶವಾಗಬೇಕು ಎಂಬುದೇ ಈ ಬೇಡಿಕೆ.

ನಿಷೇಧ ಆಗಿದ್ದು ಹೌದು. ಜರ್ರಾಯ್, ಆಮೇಲೆ ಹೈಕಾ, ಅದಾದ ಮೇಲೆ ಸೆಗಿ: ಜರ್ರಾಯ್ ವಿಲೀನವಾಗಿ ಹೈಕಾ ಆಯಿತು, ಹೈಕಾಗೆ ಬೀಗ ಬಿದ್ದಾಗ ಸೆಗಿ ಬಂತು. ಆದರೆ ಆರೋಪ ಬೇರೆ ಇತ್ತು. ಇವು ಬಾಸ್ಕ್ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಇಟಿಎಗೆ ಸೇರಿದವು, 'ಕಾಲೆ ಬೊರೋಕಾ' ಎಂಬ ಬೀದಿ ಹಿಂಸೆ ನಡೆಸುತ್ತವೆ ಎಂದು. ರಾತ್ರಿ ಬಸ್‌ಗೆ ಬೆಂಕಿ, ಎಟಿಎಂ ಮೇಲೆ ಪೆಟ್ರೋಲ್ ಬಾಂಬ್, ಇಂಥವು.

ನ್ಯಾಯಾಲಯಗಳೂ ಒಂದೇ ಮಾತು ಹೇಳಲಿಲ್ಲ, ನೋಡಿ. 2005ರಲ್ಲಿ ರಾಷ್ಟ್ರೀಯ ನ್ಯಾಯಾಲಯ 'ಅಕ್ರಮ ಸಂಘ, ಆದರೆ ಭಯೋತ್ಪಾದಕರಲ್ಲ' ಎಂದಿತು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಭಯೋತ್ಪಾದಕ ಸಂಘಟನೆ ಎಂದೇ ಘೋಷಿಸಿತು. ಹಾಗಂತ ಸಿಕ್ಕಿಬಿದ್ದವರೆಲ್ಲ ತಪ್ಪಿತಸ್ಥರು ಅನ್ನೋದೂ ಸರಿಯಲ್ಲ. 2014ರಲ್ಲಿ ಸೆಗಿ ಸದಸ್ಯರೆಂಬ ಆರೋಪ ಹೊತ್ತಿದ್ದ 40 ಯುವಜನರು ಖುಲಾಸೆಯಾದರು.

ಸ್ವಾತಂತ್ರ್ಯ ಬೇಕು ಅನ್ನೋದು ಅಲ್ಲಿ ಅಪರಾಧವೇನಲ್ಲ. ಹಿಂಸೆ ಒಪ್ಪದ ಯೂಸ್ಕೋ ಅಲ್ಕಾರ್ತಸುನಾ ಪಕ್ಷ ಆ ವರ್ಷಗಳಲ್ಲೂ ಅದನ್ನೇ ಹೇಳುತ್ತ ಚುನಾವಣೆಗೆ ನಿಂತಿತ್ತು. ಸೆಗಿ 2012ರಲ್ಲಿ ತಾನೇ ವಿಸರ್ಜನೆಯಾಯಿತು, ಇಟಿಎ 2018ರಲ್ಲಿ.