ಎಫ್ ಬಾರದ ಹಾಡು

ಗಿಟಾರ್ ಕಲಿಯುವವರಿಗೆ ಸುಲಭವಾದ ಹಾಡು ಯಾವುದೆಂದು ಕೇಳಿದರೆ, ಬಲ್ಲವರೆಲ್ಲರೂ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು, ಎಣಿಸಿ ಉತ್ತರ ಹೇಳುತ್ತಾರೆ. ಎರಡು ಕಾರ್ಡ್‌ನ ಹಾಡು ಬಲು ಸುಲಭ, ಮೂರಾದರೆ ಅಡ್ಡಿಯಿಲ್ಲ, ನಾಲ್ಕಾದರೆ ಸ್ವಲ್ಪ ಅಭ್ಯಾಸ ಬೇಕು ಎಂಬುದು ಅವರ ಲೆಕ್ಕ. ಈ ಲೆಕ್ಕವನ್ನು ಹಾಕಿದವರು ಯಾರೂ ಮೈಸೂರಿನ ಕುವೆಂಪುನಗರದಲ್ಲಿ, ಹಜಾರದ ಸದ್ದು ದೇವರಮನೆಯವರೆಗೂ ಕೇಳಿಸುವ, ಮನೆಮಂದಿಯೆಲ್ಲರಿಗೂ ಸಂಗೀತದ ಬಗ್ಗೆ ಒಂದಲ್ಲ ಒಂದು ಅಭಿಪ್ರಾಯವಿರುವ ಮನೆಯೊಂದರಲ್ಲಿ ಕುಳಿತು ಹಾಕಿದವರಲ್ಲ ಎಂಬುದು ನನ್ನ ಗುಮಾನಿ.

ನನ್ನ ಭಾವ, ಅಂದರೆ ಅಕ್ಕನ ಗಂಡ, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದಾಗ ಸಹೋದ್ಯೋಗಿಗಳು ಶಾಲು, ಹಾರ, ಹಣ್ಣಿನ ಬುಟ್ಟಿಗಳ ಜೊತೆಗೆ ಒಂದು ಅಕೌಸ್ಟಿಕ್ ಗಿಟಾರನ್ನೂ ಕೊಟ್ಟು ಕಳಿಸಿದರು. ಊಟದ ಬಿಡುವಿನಲ್ಲಿ ಅವರು ಯಾವಾಗಲೋ ಆಡಿದ ಆಸೆಯ ಮಾತನ್ನು ಯಾರೋ ನೆನಪಿಟ್ಟುಕೊಂಡಿದ್ದರು. ಹಾಸ್ಟೆಲಿನ ದಿನಗಳಲ್ಲಿ ನಾನು ಗಿಟಾರ್ ನುಡಿಸುತ್ತಿದ್ದೆನೆಂಬ ಒಂದೇ ಕಾರಣಕ್ಕೆ, ಹಾಡು ಆರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಭಾವನ ಮನಸ್ಸಿನಲ್ಲಿ ಹಾಡು ಮೊದಲೇ ನಿಶ್ಚಯವಾಗಿತ್ತು. ಅವರು ಕಾಲೇಜಿನಲ್ಲಿದ್ದಾಗ, 1983ರಲ್ಲಿ ಬಂದ 'ಕಲಾಕಾರ್' ಚಿತ್ರದ 'ನೀಲೇ ನೀಲೇ ಅಂಬರ್ ಪರ್' ಅದು. ಅದಕ್ಕೆ ಒಂದು ವರ್ಷ ಮೊದಲು ಇಳಯರಾಜ ತಮಿಳಿನಲ್ಲಿ 'ಇಳೈಯ ನಿಲಾ' ಎಂದು ಕೊಟ್ಟಿದ್ದ ಧಾಟಿಯೇ ಅದು. ಬಲಗೈ ಬೆರಳುಗಳು ತಂತಿಗಳನ್ನು ಒಂದೊಂದಾಗಿ ಮೀಟುತ್ತಾ ಓಡುತ್ತಿರುವಾಗ ಎಡಗೈ ಕಾರ್ಡ್ ಬದಲಿಸಬೇಕು, ಬಾಯಿ ಹಾಡಬೇಕು. ಮೂರೂ ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಯಬೇಕು. ಮೊದಲ ವಾರಕ್ಕೆ ಇದು ಬೇಡವೆಂದು ನಾನು ಹೇಳಿದೆ. "ಇಷ್ಟವಿಲ್ಲದ ಹಾಡನ್ನು ಯಾರಾದರೂ ಕಲಿಯುತ್ತಾರೇನಯ್ಯಾ?" ಎಂದರು ಭಾವ.

ಉತ್ತರ ಅಡುಗೆಮನೆಯಿಂದ ಬಂತು. "ನಾವು ಕಲಿತೆವಲ್ಲ! ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ ಎಂಬ ಸ್ವರಪಾಠಗಳೆಲ್ಲವನ್ನೂ ಅರೆದು ಕುಡಿಸಿದ ಮೇಲೆ 'ಲಂಬೋದರ' ಗೀತೆ ಹೇಳಿಕೊಟ್ಟರು. ಯಾವ ಹಾಡು ಬೇಕಮ್ಮಾ ಎಂದು ಯಾರೂ ಕೇಳಲಿಲ್ಲ," ಎಂದಳು ಅಕ್ಕ. ಪುರಂದರದಾಸರು ಹಾಕಿಕೊಟ್ಟರೆನ್ನುವ ಆ ಪಾಠಕ್ರಮದಲ್ಲಿ ಶಿಷ್ಯನ ಇಷ್ಟಾನಿಷ್ಟಗಳಿಗೆ ನಿಜಕ್ಕೂ ಜಾಗವಿಲ್ಲ, ಆದ್ದರಿಂದ ಭಾವಮೈದುನನೂ ಬೇಕಾಗುವುದಿಲ್ಲ. ಗಿಟಾರಿನವರಿಗೆ ಅಂಥ ದಾಸರು ಸಿಗಲಿಲ್ಲ.

ನಾನು ಶಾಸ್ತ್ರೋಕ್ತವಾಗಿ ಎರಡು ಕಾರ್ಡ್‌ನಿಂದ ಆರಂಭಿಸಿದೆ. 1972ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ, ಹೆಸರಿಲ್ಲದ ಕುದುರೆಯೊಂದರ ಮೇಲೆ ಮರುಭೂಮಿ ದಾಟುವವನ ಹಾಡು ಇದಕ್ಕೆ ಜಗತ್ಪ್ರಸಿದ್ಧ. ಗಿಟಾರಿನ ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳ ನಡುವಿನ ಮನೆಗಳೇ ಫ್ರೆಟ್‌ಗಳು. ಎರಡನೇ ಫ್ರೆಟ್‌ನಲ್ಲಿ ಐದನೆಯ ಮತ್ತು ನಾಲ್ಕನೆಯ ತಂತಿಗಳನ್ನು ಎರಡು ಬೆರಳುಗಳಿಂದ ಒತ್ತಿದರೆ ಇ ಮೈನರ್. ಅದೇ ಫ್ರೆಟ್‌ನಲ್ಲಿ ಬೆರಳುಗಳನ್ನು ಒಂದೊಂದು ತಂತಿ ಆಚೀಚೆ ಸರಿಸಿ ಆರನೆಯದನ್ನೂ ಮೂರನೆಯದನ್ನೂ ಒತ್ತಿದರೆ ಇನ್ನೊಂದು ಕಾರ್ಡ್. ಹಾಡು ಮುಗಿಯುವವರೆಗೂ ಇಷ್ಟೇ ಕೆಲಸ. ಭಾವ ಒಂದೇ ಸಂಜೆಯಲ್ಲಿ ಬೆರಳು ಸರಿಸುವುದನ್ನು ಕಲಿತುಬಿಟ್ಟರು. ಆದರೆ ಅವರಿಗೆ ಆ ಹಾಡು ಗೊತ್ತಿರಲಿಲ್ಲ. ಹಾಡು ಗೊತ್ತಿಲ್ಲದವರ ಕೈಯಲ್ಲಿ ಎರಡು ಕಾರ್ಡ್‌ನ ಹಾಡು ಬರಿಯ ಎರಡು ಸದ್ದುಗಳಾಗಿ ಉಳಿಯುತ್ತದೆ, ಆ ಸದ್ದುಗಳು ಊಟದ ಹೊತ್ತಿನವರೆಗೂ ನಿಲ್ಲುವುದಿಲ್ಲ. ಹಾಡಿನ ಅರ್ಥವನ್ನು ಕೇಳಿ ತಿಳಿದುಕೊಂಡ ಅಕ್ಕನ ಅತ್ತೆ, "ಅಷ್ಟು ದೂರ ಹೊತ್ತುಕೊಂಡು ಹೋದ ಪ್ರಾಣಿಗೆ ಒಂದು ಹೆಸರಿಡಬಾರದಿತ್ತೇ?" ಎಂದು ನೊಂದುಕೊಂಡರು.

ಕಂಠಪಾಠವಾಗಿರುವ ಹಾಡೇ ಆಗಬೇಕೆಂದು ಇದರಿಂದ ಇತ್ಯರ್ಥವಾಯಿತು. ಭಾವನಿಗೆ ಒಂದಕ್ಷರವೂ ತಪ್ಪದೆ ಬರುವ ಗೀತೆ 'ಜನ ಗಣ ಮನ'. ಅದನ್ನು ಅವರೇ ಆರಿಸಿಕೊಂಡು, ನನಗೂ ತಿಳಿಸದೆ, ಒಂದು ಬೆಳಗ್ಗೆ ಹಜಾರದಲ್ಲಿ ಆರಂಭಿಸಿಯೇಬಿಟ್ಟರು. ಅವರ ತಂದೆ ನಿವೃತ್ತ ಹೆಡ್‌ಮಾಸ್ಟರು, ಎಂಬತ್ತು ದಾಟಿದವರು. ಮೊದಲ ಸಾಲಿಗೇ ಪತ್ರಿಕೆಯನ್ನು ಮಡಿಸಿಟ್ಟು, ಊರುಗೋಲನ್ನು ಗೋಡೆಗೆ ಒರಗಿಸಿ, ನೆಟ್ಟಗೆ ನಿಂತರು. ರಾಷ್ಟ್ರಗೀತೆಯನ್ನು ಪೂರ್ತಿ ಹಾಡಲು ನಿಗದಿಯಾಗಿರುವ ಸಮಯ ಸುಮಾರು 52 ಸೆಕೆಂಡು. ಭಾವನಿಗೆ ಡಿ ಕಾರ್ಡ್‌ನಿಂದ ಜಿ ಕಾರ್ಡ್‌ಗೆ ಹೋಗಲು, ಬೆರಳುಗಳನ್ನು ಕಣ್ಣಿನಿಂದ ನೋಡಿ ಒಂದೊಂದಾಗಿ ಕೂರಿಸಲು, ಅದರ ಕಾಲು ಭಾಗವಾದರೂ ಬೇಕಿತ್ತು. ತಂದೆ ನಿಂತಿರುವಾಗ ಮಗ ಕೂರುವಂತಿಲ್ಲವಾದ್ದರಿಂದ ಭಾವನೂ ಎದ್ದರು. ಗಿಟಾರಿಗೆ ಬೆಲ್ಟ್ ಇಲ್ಲದ್ದರಿಂದ ಅದನ್ನು ಮೊಣಕಾಲೆತ್ತಿ ಆನಿಸಿಕೊಂಡು, ಒಂಟಿಕಾಲಿನಲ್ಲಿ ಪಂಜಾಬ, ಸಿಂಧುಗಳ ಕಡೆಗೆ ಸಾಗಿದರು. ಏನಾಯಿತೆಂದು ನೋಡಲು ಸೌಟು ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. ನಡುವೆ ನಿಲ್ಲಿಸುವುದು ತಪ್ಪು, ಮುಂದುವರಿಸುವುದು ಅಸಾಧ್ಯ. ಕೊನೆಗೆ ಮಾವನವರೇ ಗಿಟಾರಿನ ಸಹಾಯವಿಲ್ಲದೆ ಗೀತೆಯನ್ನು ಗಟ್ಟಿಯಾಗಿ ಹಾಡಿ ಮುಗಿಸಿ ಎಲ್ಲರನ್ನೂ ಬಿಡುಗಡೆ ಮಾಡಿದರು. ಅಷ್ಟರಲ್ಲಿ ಸಾರಿನ ಒಗ್ಗರಣೆ ಸೀದುಹೋಗಿತ್ತು.

ಈ ಘಟನೆಯಾದ ಮೇಲೆ ಭಾವ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು ಗೆರೆ ಹಾಕಿದರು. ಹಾಡಿನ ಹೆಸರು, ಕಾರ್ಡ್‌ಗಳು, ಆರಂಭಿಸಿದ ತಾರೀಖು, ಕೊನೆಯಲ್ಲಿ ಷರಾ. ರಾಷ್ಟ್ರಗೀತೆಯ ಎದುರಿಗೆ ಕೆಂಪು ಶಾಯಿಯಲ್ಲಿ "ಹಿರಿಯರ ಆರೋಗ್ಯದ ದೃಷ್ಟಿಯಿಂದ ಕೈಬಿಡಲಾಗಿದೆ" ಎಂದಿತ್ತು.

ಹುಟ್ಟುಹಬ್ಬದ ಹಾಡು ಮುಂದಿನ ನಮೂದು. ಮೂರೇ ಕಾರ್ಡ್, ಎಲ್ಲರಿಗೂ ಬರುತ್ತದೆ, ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಇದರ ಒಳಗುಟ್ಟು ಬೇರೆಯೇ ಇದೆ. ಹಾಡು ನಡೆಯುವುದು ಮೂರರ ಎಣಿಕೆಯಲ್ಲಿ, ಹೊಸಬರು ಕಲಿತಿರುವ ಸ್ಟ್ರಮ್ಮಿಂಗ್, ಅಂದರೆ ತಂತಿಗಳನ್ನು ಒಟ್ಟಿಗೆ ಮೀಟುವ ಕ್ರಮ, ಇರುವುದು ನಾಲ್ಕರಲ್ಲಿ. ಮೇಲಾಗಿ ಮೂರನೆಯ ಸಾಲಿನಲ್ಲಿ ರಾಗ ಒಂದು ಪೂರ್ತಿ ಸ್ಥಾಯಿ ಮೇಲಕ್ಕೆ ಜಿಗಿಯುತ್ತದೆ. ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಭಾವ ಜಿ ಕಾರ್ಡ್ ಹಿಡಿದು ತಲೆಯಾಡಿಸಿ ಸೂಚನೆ ಕೊಟ್ಟರು. ನೆರೆದವರು ತಮತಮಗೆ ತೋಚಿದ ಶ್ರುತಿಯಲ್ಲಿ ಹೊರಟು, ಸರಿಯಾಗಿ ಮಗುವಿನ ಹೆಸರು ಬರುವಲ್ಲಿ ತಾರಸ್ಥಾಯಿಗೆ ತಲೆ ಬಡಿದುಕೊಂಡು ದಿಕ್ಕಾಪಾಲಾದರು. ಹಾಡು ಮುಗಿದು, ಮೇಣದಬತ್ತಿ ಆರಿ, ಕೇಕು ತಟ್ಟೆಗಳಿಗೆ ಬರುವ ಹೊತ್ತಿಗೆ ಗಿಟಾರ್ ಇನ್ನೂ ಮೂರನೆಯ ಸಾಲಿನಲ್ಲಿತ್ತು.

ಇನ್ನು ಸಿನಿಮಾ ಹಾಡುಗಳು. ಹುಡುಕಿದ ಹಾಡುಗಳಲ್ಲೆಲ್ಲ ಪಲ್ಲವಿ ಸರಾಗವಾಗಿ ಹೋಗಿ, ಚರಣದಲ್ಲಿ ಎಲ್ಲಿಂದಲೋ ಎಫ್ ಕಾರ್ಡ್ ಬಂದು ಅಡ್ಡ ನಿಲ್ಲುತ್ತಿತ್ತು. ಎಫ್ ಅಂದರೆ ತೋರುಬೆರಳನ್ನು ಮೊದಲನೇ ಫ್ರೆಟ್‌ನಲ್ಲಿ ಅಡ್ಡಲಾಗಿ ಮಲಗಿಸಿ ಆರೂ ತಂತಿಗಳನ್ನು ಒಮ್ಮೆಗೇ ಅದುಮುವುದು, ಉಳಿದ ಬೆರಳುಗಳಿಂದ ಮತ್ತೆ ಮೂರು ತಂತಿಗಳನ್ನು ಒತ್ತುವುದು. ಉಕ್ಕಿನ ತಂತಿಗಳು ಅತಿ ಬಿಗಿಯಾಗಿ ಎದುರಾಡುವುದೂ ಅಲ್ಲಿಯೇ. ಭಾವ ಹಲ್ಲು ಕಚ್ಚಿ ಒತ್ತಿದಾಗ ಹೊರಟದ್ದು ಸ್ವರವಲ್ಲ, 'ಟಪ್' ಎಂಬ ಶಬ್ದ. ಎಫ್ ಇರುವ ಹಾಡುಗಳೆಲ್ಲ ಲೆಕ್ಕದ ಪುಸ್ತಕದಲ್ಲಿ ಬೇರೊಂದು ಪುಟಕ್ಕೆ ವರ್ಗಾವಣೆಯಾದವು. ಆ ಪುಟದ ತಲೆಬರಹ 'ಎನ್‌ಪಿಎ' ಎಂದಿತ್ತು, ಬ್ಯಾಂಕಿನವರ ಭಾಷೆಯಲ್ಲಿ ವಸೂಲಾಗದ ಸಾಲ. 'ನೀಲೇ ನೀಲೇ'ಯೂ ಅಲ್ಲಿಗೇ ಹೋಯಿತು.

ಬೇಸತ್ತ ಭಾವ ಅಕ್ಕನನ್ನು ಒಲಿಸಿಕೊಳ್ಳಲು 'ಲಂಬೋದರ'ಕ್ಕೇ ಕಾರ್ಡ್ ಹಾಕಲು ಹೊರಟರು. ಸಿ ಕಾರ್ಡ್ ಮುಗಿದು ಜಿ ಬಂದ ಕೂಡಲೇ ಅಕ್ಕ ಕಿವಿ ಮುಚ್ಚಿಕೊಂಡಳು. ತಪ್ಪು ಭಾವನ ಬೆರಳಿನದಲ್ಲ. ಸಿ ಷಡ್ಜವಾದರೆ, ಅಂದರೆ 'ಸ' ಆದರೆ, ಜಿ ಕಾರ್ಡ್‌ನ ಒಳಗೆ ಚತುಶ್ರುತಿ ರಿಷಭವೂ ('ರಿ') ನಿಷಾದವೂ ('ನಿ') ಕುಳಿತಿರುತ್ತವೆ. 'ಲಂಬೋದರ'ದ ರಾಗವಾದ ಮಲಹರಿಗೆ ಬೇಕಾದದ್ದು ಅದಕ್ಕಿಂತ ತಗ್ಗಿನ ಶುದ್ಧ ರಿಷಭ, ನಿಷಾದವಂತೂ ಆ ರಾಗದಲ್ಲೇ ಇಲ್ಲ. "ನಿಮ್ಮ ಮೂರು ಕಾರ್ಡ್‌ಗಳಲ್ಲಿ ಯಾವ ಯಾವ ಸ್ವರಗಳಿವೆ, ಮೊದಲು ಅದನ್ನು ಹೇಳಿ," ಎಂದು ಅಕ್ಕ ವಿಚಾರಣೆಗೆ ಕುಳಿತಳು. ಸಿ ಅಂದರೆ ಸ ಗ ಪ; ಜಿ ಅಂದರೆ ಪ ನಿ ರಿ; ಇ ಮೈನರ್ ಅಂದರೆ ಗ ಪ ನಿ. ನಾನು ಬರೆದುಕೊಟ್ಟ ಚೀಟಿಯನ್ನು ಒಮ್ಮೆ ನೋಡಿ ಅವಳು, "ಸ ರಿ ಗ ಪ ನಿ. ಇದು ಹಂಸಧ್ವನಿ ರಾಗ ಅಲ್ಲವೇನೋ?" ಎಂದಳು.

ಹೌದು, ಅದು ಹಂಸಧ್ವನಿಯೇ. ಹೊಸಬರ ಕೈಗೆ ಮೊದಲು ಬರುವ ಮೂರು ಕಾರ್ಡ್‌ಗಳು ಆ ರಾಗದ ಐದು ಸ್ವರಗಳನ್ನು ಬಿಟ್ಟು ಆಚೆ ಕಾಲಿಡುವುದಿಲ್ಲ. ಮೇಲಾಗಿ ಹಂಸಧ್ವನಿಯಲ್ಲಿ ಮಧ್ಯಮ, ಅಂದರೆ 'ಮ', ಇಲ್ಲ. ಎಫ್ ಕಾರ್ಡ್ ನಿಂತಿರುವುದೇ ಮಧ್ಯಮದ ಮೇಲೆ. ಈ ರಾಗದಲ್ಲಿ ಎಫ್ ಬರುವಂತೆಯೇ ಇಲ್ಲ ಎಂದು ತಿಳಿದಾಗ ಭಾವನ ಮುಖದಲ್ಲಿ ಕಂಡ ಬೆಳಕನ್ನು ನಾನು ಅವರ ನಿವೃತ್ತಿಯ ದಿನವೂ ಕಂಡಿರಲಿಲ್ಲ. ಮನೆಯವರೆಲ್ಲರಿಗೂ ಬರುವ 'ಗಜವದನ ಬೇಡುವೆ' ಆಯ್ಕೆಯಾಯಿತು. ಸಾಹಿತ್ಯ ಪುರಂದರದಾಸರದು, ರಾಗವನ್ನು ರೂಪಿಸಿದವರು ಅವರಿಗಿಂತ ಬಹಳ ಈಚಿನವರಾದ ರಾಮಸ್ವಾಮಿ ದೀಕ್ಷಿತರು. ಭಾವ ಇಬ್ಬರಿಗೂ ಋಣಿ.

ಉಳಿದದ್ದು ಶ್ರುತಿಯ ತಕರಾರು. ಅಕ್ಕ ಹಾಡುವುದು ಜಿ ಶ್ರುತಿಯಲ್ಲಿ, ಭಾವನಿಗೆ ಒಗ್ಗಿರುವುದು ಸಿ ಕಾರ್ಡ್‌ನ ಬೆರಳುಗಳು. ಏಳನೇ ಫ್ರೆಟ್‌ಗೆ, ತಂತಿಗಳನ್ನೆಲ್ಲ ಅದುಮಿ ಶ್ರುತಿ ಏರಿಸುವ ಕೇಪೋ ಎಂಬ ಕ್ಲಿಪ್ ಬಿಗಿದರೆ ಎರಡೂ ಕೂಡಿಬರುತ್ತವೆ. ಆದರೆ ಅಲ್ಲಿ ಫ್ರೆಟ್‌ಗಳು ಕಿರಿದಾಗುವುದರಿಂದ ಭಾವನ ದಪ್ಪ ಬೆರಳುಗಳು ಸಂಜೆಯ ಸಿಟಿ ಬಸ್ಸಿನ ಸೀಟಿನಲ್ಲಿ ಕುಳಿತವರಂತೆ ಒಂದರ ಮೇಲೊಂದು ಏರಿಕೊಳ್ಳುತ್ತವೆ. ಅಕ್ಕ 'ಗಜವದನ' ಎಂದು ಹಿಡಿದು, ಕಾರ್ಡ್ ಬದಲಾಗುವವರೆಗೆ ಸ್ವರವನ್ನು ತೂಗಾಡಿಸುತ್ತಾ, ಗಮಕ ಹಾಕುತ್ತಾ ಕಾಯುತ್ತಾಳೆ. ಅವಳ ಗಮಕ ಇತ್ತೀಚೆಗೆ ಬಹಳ ಸುಧಾರಿಸಿದೆಯೆಂದು ಅತ್ತೆ ಹೇಳುತ್ತಾರೆ.

ಮೊನ್ನೆ ಹೋದಾಗ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದೆ. 'ಗಜವದನ'ದ ಎದುರಿಗೆ ಹಸಿರು ಶಾಯಿಯಲ್ಲಿ ಷರಾ ಇತ್ತು: "ಖಾತೆ ಚಾಲ್ತಿಯಲ್ಲಿದೆ. ಜಾಮೀನು: ಪತ್ನಿ."