ಹೇಳದೆ ಕೇಳದೆ ಬದಲಾಗುವ ರೇಡಿಯೊ

ಖಾಸಗಿ ಎಫ್‌ಎಂ ಕೇಂದ್ರಗಳ ಒಡೆತನ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದು ಕೇಳುಗನಿಗೆ ಸಂಬಂಧಿಸಿದ ವಿಷಯವಲ್ಲವೆಂದು ಬಹುಕಾಲ ಭಾವಿಸಿದ್ದೆ. 2001ರ ಜುಲೈನಲ್ಲಿ ಬೆಂಗಳೂರಿನಲ್ಲೇ ಮೊದಲು ಪ್ರಸಾರ ಆರಂಭಿಸಿದ ರೇಡಿಯೊ ಸಿಟಿ 2015ರಲ್ಲಿ ಜಾಗರಣ್ ಪ್ರಕಾಶನದ ಪಾಲಾಯಿತು. ರಿಲಯನ್ಸ್ ಸಮೂಹ ಕಟ್ಟಿದ್ದ ಬಿಗ್ ಎಫ್‌ಎಂ ದಿವಾಳಿ ಪ್ರಕ್ರಿಯೆಯ ಮೂಲಕ ಸಫೈರ್ ಮೀಡಿಯಾದ ಕೈಸೇರಿತು. ವ್ಯಾಪಾರವೆಂದ ಮೇಲೆ ಇದೆಲ್ಲ ಸಹಜ, ಒಪ್ಪುತ್ತೇನೆ.

ಆದರೆ ನಾನು ನಿತ್ಯ ಕೇಳುತ್ತಿದ್ದ ಕೇಂದ್ರವೊಂದರಲ್ಲಿ, ರಾತ್ರಿಯ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮವನ್ನೂ ಅದನ್ನು ನಡೆಸಿಕೊಡುತ್ತಿದ್ದ ನಿರೂಪಕಿಯನ್ನೂ ಒಂದು ಮಾತಿನ ಮುನ್ಸೂಚನೆಯಿಲ್ಲದೆ ತೆಗೆದುಹಾಕಿ, ಆ ಹೊತ್ತಿಗೆ ಈಚಿನ ಹತ್ತಾರು ಹಾಡುಗಳನ್ನೇ ತಿರುಗಿಸಿ ಮುರುಗಿಸಿ ಕೇಳಿಸತೊಡಗಿದಾಗ ಸಿಟ್ಟು ಬಾರದಿರಲಿಲ್ಲ. ಸ್ವಂತ ಸುದ್ದಿ ಪ್ರಸಾರ ಮಾಡಲು ಖಾಸಗಿ ಕೇಂದ್ರಗಳಿಗೆ ಅನುಮತಿಯಿಲ್ಲ. ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು, ಅಷ್ಟೇ. ಹರಾಜಿನಲ್ಲಿ ತರಂಗಾಂತರಕ್ಕೆ ದೊಡ್ಡ ಮೊತ್ತ ತೆತ್ತವರಿಗೆ ಜಾಹೀರಾತೇ ಗತಿಯಾದ್ದರಿಂದ, ಆದಾಯ ಇಳಿದಾಗಲೆಲ್ಲ ಅವರು ಬದಲಿಸಬಲ್ಲದ್ದು ಹಾಡುಗಳನ್ನು, ಭಾಷೆಯನ್ನು ಮತ್ತು ನಿರೂಪಕರನ್ನು ಮಾತ್ರ. (ಜಾಹೀರಾತುಗಳು ಮಾತ್ರ ಯಾವ ಮಾಲೀಕರು ಬಂದರೂ ಕದಲುವುದಿಲ್ಲ.)

ಈ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಕಾರ್ಯಕ್ರಮ ನಿಲ್ಲುತ್ತದೆಂದು ಒಂದು ವಾರ ಮೊದಲು ತಿಳಿಸಿ, ಆ ನಿರೂಪಕಿಗೆ ಕೇಳುಗರಿಂದ ಬೀಳ್ಕೊಳ್ಳಲು ಐದು ನಿಮಿಷ ಕೊಡಲು ಎಷ್ಟು ಖರ್ಚಾಗುತ್ತಿತ್ತೆಂಬುದೇ ಅರ್ಥವಾಗುವುದಿಲ್ಲ.