ಆಲಿಸುವುದನ್ನೂ ಕಲಿಸಬೇಕು

ಬರ್ಮಿಂಗ್‌ಹ್ಯಾಮ್‌ನಲ್ಲಿ ನನ್ನ ಮಗಳು ಓದುವ ಪ್ರಾಥಮಿಕ ಶಾಲೆಯ ಪಾಠವೊಂದನ್ನು ಕುಳಿತು ನೋಡುವ ಅವಕಾಶ ಒಮ್ಮೆ ಒದಗಿತ್ತು. ಊರಿನ ಕಾಲುವೆಗಳನ್ನು ಸ್ವಚ್ಛವಾಗಿಡುವ ಹೊಣೆ ಯಾರದೆಂದು ಶಿಕ್ಷಕಿ ಕೇಳಿದರು. ಮಕ್ಕಳು ಇಬ್ಬಿಬ್ಬರಾಗಿ ಮುಖಾಮುಖಿ ಕುಳಿತು ಎರಡು ನಿಮಿಷ ಮಾತನಾಡಿಕೊಂಡರು. ಆಮೇಲೆ ಎದ್ದುನಿಂತ ಪ್ರತಿಯೊಂದು ಮಗುವೂ ತನ್ನ ಅಭಿಪ್ರಾಯಕ್ಕೆ ಮೊದಲು ಜೊತೆಗಾರರು ಏನು ಹೇಳಿದರೆಂಬುದನ್ನು ತಿಳಿಸಬೇಕಿತ್ತು. ಒಬ್ಬ ಹುಡುಗ ತಡವರಿಸಿದಾಗ ಶಿಕ್ಷಕಿ ಗದರಲಿಲ್ಲ. ಇನ್ನೊಮ್ಮೆ ಕೇಳಿಕೊಂಡು ಬಾ ಎಂದು ಅವನನ್ನು ಜೊತೆಗಾರ್ತಿಯ ಬಳಿಗೇ ಕಳಿಸಿದರು.

ಓದುಬರಹಕ್ಕೆ ಇರುವಂತೆ ಮಾತು ಮತ್ತು ಆಲಿಸುವಿಕೆಗೂ ಒಂದು ಹೆಸರು ಬೇಕೆಂದು ‘ಓರಸಿ’ ಎಂಬ ಪದವನ್ನು 1965ರಲ್ಲಿ ಟಂಕಿಸಿದ ಆಂಡ್ರ್ಯೂ ವಿಲ್ಕಿನ್ಸನ್ ಇದೇ ಊರಿನ ವಿಶ್ವವಿದ್ಯಾಲಯದವರು. ಇಂಗ್ಲೆಂಡಿನಲ್ಲಿ 2014ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ 1ರಿಂದ 6ನೇ ತರಗತಿಯವರೆಗೆ ಆಡುಮಾತಿನ ಕಲಿಕೆಯೂ ಕಡ್ಡಾಯವಾಗಿದೆ. ಹಾಗೆಂದು ಇಲ್ಲಿ ಎಲ್ಲವೂ ಸರಿಯಿದೆ ಎನ್ನಲಾರೆ. ಹದಿನಾರರ ವಯಸ್ಸಿನ ಜಿಸಿಎಸ್‌ಇ ಇಂಗ್ಲಿಷ್ ಪರೀಕ್ಷೆಯಲ್ಲಿ ವಿದ್ಯಾರ್ಥಿ ಒಂದು ವಿಷಯವನ್ನು ಮಂಡಿಸಿ ಪ್ರಶ್ನೆಗಳಿಗೆ ಉತ್ತರಿಸಬೇಕಾದರೂ ಅದರ ಫಲಿತಾಂಶ ಪ್ರತ್ಯೇಕವಾಗಿ ದಾಖಲಾಗುತ್ತದೆಯೇ ಹೊರತು ಅಂತಿಮ ದರ್ಜೆಗೆ ಸೇರುವುದಿಲ್ಲ. ದರ್ಜೆಗೆ ಸೇರದ್ದಕ್ಕೆ ಸಮಯ ಕೊಡಲು ಯಾವ ದೇಶದ ಶಾಲೆಗೂ ಕಷ್ಟವೇ.

ಪುತ್ತೂರಿನ ಕಡೆಯ ಶಾಲೆಯಲ್ಲಿ ಕಲಿತ ನನಗೆ ಆಲಿಸುವುದೆಂದರೆ ಕೈಕಟ್ಟಿ ಸುಮ್ಮನೆ ಕೂರುವುದಾಗಿತ್ತು. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಆಲಿಸುವ ಅರ್ಥವೂ ಇದೆ, ಪ್ರಶ್ನಿಸುವ ಅರ್ಥವೂ ಇದೆ. ಆದರೆ ‘ಹೇಳಿದ ಮಾತು ಕೇಳು’ ಎಂದಾಗ ಎರಡೂ ಮರೆಯಾಗಿ ವಿಧೇಯತೆಯೊಂದೇ ಉಳಿಯುತ್ತದೆ, ಮತ್ತು ತರಗತಿಯಲ್ಲಿ ನಾವು ಹೆಚ್ಚಾಗಿ ಕಲಿತದ್ದು ಆ ಮೂರನೆಯ ಅರ್ಥವನ್ನು. ಮಾತನಾಡಲು ಸಿಗುತ್ತಿದ್ದುದು ಸ್ವಾತಂತ್ರ್ಯೋತ್ಸವದ ಭಾಷಣ ಸ್ಪರ್ಧೆಯಲ್ಲಿ. ಮನೆಯವರು ಬರೆದುಕೊಟ್ಟದ್ದನ್ನು ಉರುಹೊಡೆದು, ‘ಮಾನ್ಯ ಅಧ್ಯಕ್ಷರೇ, ಗುರುವೃಂದದವರೇ’ ಎಂದು ಶುರುಮಾಡಿ, ಒಂದೇ ಉಸಿರಿನಲ್ಲಿ ಒಪ್ಪಿಸಿ ಇಳಿದರೆ ಬಹುಮಾನ. ಮುಂದಿನವನ ಭಾಷಣವನ್ನು ಯಾರೂ ಆಲಿಸುತ್ತಿರಲಿಲ್ಲ, ಏಕೆಂದರೆ ತಮ್ಮ ಸರದಿಗಾಗಿ ಕಾಯುತ್ತಿದ್ದವರೆಲ್ಲ ತಮ್ಮದನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದರು.

ನನ್ನನ್ನು ಕಾಡುವುದು ಇದು: ಅದೇ ಊರಿನಲ್ಲಿ, ಅದೇ ಮಳೆಗಾಲದ ರಾತ್ರಿಗಳಲ್ಲಿ, ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತನಾಡುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ವಾಲಿ ಕೇಳುವಾಗ ರಾಮನ ಅರ್ಥಧಾರಿಗೆ ಸಿದ್ಧಪಾಠ ನೆರವಾಗುವುದಿಲ್ಲ, ಏಕೆಂದರೆ ಎದುರಾಳಿ ಇಂದು ಯಾವ ಮಾತಿನ ಮೇಲೆ ಒತ್ತು ಹಾಕಿದ, ಯಾವುದನ್ನು ಜಾಣತನದಿಂದ ಬಿಟ್ಟ ಎಂಬುದನ್ನು ಹಿಡಿದೇ ಅವನು ಉತ್ತರ ಕಟ್ಟಬೇಕು. ‘ನೀನು ಹೀಗೆಂದೆಯಲ್ಲ’ ಎಂದು ಎದುರಿನವನ ವಾದವನ್ನು ಮತ್ತೆ ಮುಂದಿಟ್ಟು, ಅನಂತರ ಅದನ್ನು ಬಿಡಿಸುವ ಆ ಕ್ರಮವನ್ನೇ ನಾನು ಬರ್ಮಿಂಗ್‌ಹ್ಯಾಮ್‌ನ ತರಗತಿಯಲ್ಲಿ ಎಳೆಯ ರೂಪದಲ್ಲಿ ಕಂಡೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕಂಡ ನಾಡಿನಲ್ಲಿ ಈ ವಿದ್ಯೆ ಶಾಲೆಯ ಹೊಸ್ತಿಲು ದಾಟಿ ಒಳಗೆ ಬರಲಿಲ್ಲವೆಂಬುದು ನನಗೆ ನಿಜವಾದ ನೋವು. ಎಸ್‌ಎಸ್‌ಎಲ್‌ಸಿಯ ಪ್ರಥಮ ಭಾಷೆಯ 125 ಅಂಕಗಳಲ್ಲಿ 100 ಲಿಖಿತ ಪರೀಕ್ಷೆಗೇ ಮೀಸಲು. ಉಳಿದ 25 ಆಂತರಿಕ ಅಂಕಗಳಲ್ಲಿಯಾದರೂ ಇಂಥ ಸಂವಾದಕ್ಕೆ ನಿಶ್ಚಿತವಾದ ಪಾಲು ಸಿಗಬೇಕು. ಅದಕ್ಕೆ ಮೈಕು ಬೇಡ, ವೇದಿಕೆ ಬೇಡ. ಎದುರುಬದುರು ಕುಳಿತ ಇಬ್ಬರು ಮಕ್ಕಳು ಸಾಕು.

ಶನಿವಾರಗಳಂದು ಇಲ್ಲಿನ ಕನ್ನಡದ ಮಕ್ಕಳಿಗೆ ಪಾಠ ಹೇಳುವಾಗ ನಾನು ಈಗ ಇದನ್ನೇ ಮಾಡಿಸುತ್ತಿದ್ದೇನೆ. ಕಳೆದ ತಿಂಗಳು ಎಂಟು ವರ್ಷದ ಹುಡುಗಿಯೊಬ್ಬಳು, ಅಜ್ಜಿಮನೆಯಲ್ಲಿ ಹಲಸಿನಹಣ್ಣು ಬಿಡಿಸುವ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ ಎಂದಳು. ಜೊತೆಗಾರ ಅದನ್ನು ‘ಹಣ್ಣಿಗೆ ಎಣ್ಣೆ ಹಚ್ಚುತ್ತಾರಂತೆ’ ಎಂದು ಒಪ್ಪಿಸಿದ. ‘ಹಣ್ಣಿಗಲ್ಲ, ಕೈಗೆ. ಮೇಣ ಅಂಟಬಾರದಲ್ಲ, ಅದಕ್ಕೆ’ ಎಂದು ಅವಳು ಅಂಗೈ ಉಜ್ಜಿ ತೋರಿಸಿದಳು. ಅವನು ಅವಳ ಅಂಗೈಯನ್ನೇ ನೋಡುತ್ತ, ಈ ಬಾರಿ ನಿಧಾನವಾಗಿ, ಇಡೀ ವಾಕ್ಯವನ್ನು ಸರಿಯಾಗಿ ಹೇಳಿದ. ಆಮೇಲೆ ತಾನಾಗಿಯೇ ಕೇಳಿದ: ‘ಮೇಣ ಅಂದರೆ ಏನು?’